ಪದಕದ ಬೆಲೆ ಏರಿದೆ, ಕಾವಲು ಏರಿಲ್ಲ

ರಾಷ್ಟ್ರೀಯ ಕ್ರೀಡಾಕೂಟದ ಮುಂದಿನ ಆತಿಥ್ಯ ಮೇಘಾಲಯದ್ದು. 2025ರ ಫೆಬ್ರುವರಿ 14ರಂದು ಉತ್ತರಾಖಂಡದ ಹಲ್ದ್ವಾನಿಯಲ್ಲಿ 38ನೇ ಕೂಟಕ್ಕೆ ತೆರೆ ಬಿದ್ದಾಗ ಧ್ವಜ ಆ ಪುಟ್ಟ ರಾಜ್ಯದ ಕೈಸೇರಿತು. 39ನೇ ಕೂಟ 2027ರಲ್ಲಿ ನಡೆಯಬೇಕು. ಅದಾಗಿ ಮೂರು ವರ್ಷಕ್ಕೆ ಅಹಮದಾಬಾದಿನಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ. 2036ರ ಒಲಿಂಪಿಕ್ಸ್ ನಡೆಸಲು ಅವಕಾಶ ಕೊಡಿ ಎಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಭಾರತ ಪತ್ರ ಬರೆದೂ ಆಗಿದೆ. ಕ್ರೀಡೆಯ ಬಗ್ಗೆ ದೇಶ ಇಷ್ಟು ದೊಡ್ಡ ಕನಸು ಕಂಡದ್ದು ಇದೇ ಮೊದಲು. ಆ ಕನಸಿನ ಬಗ್ಗೆ ನಮಗೆ ತಕರಾರಿಲ್ಲ. ಆದರೆ ಅದರ ತಳಪಾಯವಾದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಬಿರುಕು ಕಾಣಿಸಿಕೊಂಡಿದೆ. ಅದನ್ನು ಈಗಲೇ ಹೇಳದಿದ್ದರೆ ಮುಂದೆ ಹೇಳಿ ಪ್ರಯೋಜನವಿಲ್ಲ.

ಬಿರುಕು ಯಾವುದೆಂದು ನೇರವಾಗಿ ಹೇಳುತ್ತೇವೆ. ಈ ಕೂಟದ ಪದಕಕ್ಕೆ ರಾಜ್ಯ ಸರ್ಕಾರಗಳು ಲಕ್ಷಗಟ್ಟಲೆ ನಗದು ಬಹುಮಾನ, ಸರ್ಕಾರಿ ನೌಕರಿ, ಬಡ್ತಿ, ಕಾಲೇಜು ಸೀಟು ಎಲ್ಲವನ್ನೂ ಕಟ್ಟಿವೆ. ಕಟ್ಟಿದ್ದು ಸರಿಯೇ, ಓಡುವ, ಎಸೆಯುವ, ಈಜುವ ಬಡವರ ಮನೆಯ ಮಕ್ಕಳಿಗೆ ಆ ಆಸರೆ ಸಿಗಲೇಬೇಕು. ಆದರೆ ಪದಕ ನ್ಯಾಯವಾಗಿ ಬಂತೇ ಎಂದು ನೋಡುವ ಏರ್ಪಾಡು ಪದಕದ ಬೆಲೆಗೆ ಸರಿಸಮನಾಗಿ ಬೆಳೆದಿಲ್ಲ. ಬೆಲೆ ಏರುತ್ತಲೇ ಹೋಗಿ ಕಾವಲು ಇದ್ದಲ್ಲೇ ಇದ್ದರೆ ಆ ಜಾಗಕ್ಕೆ ಯಾರು ಬಂದು ಸೇರುತ್ತಾರೆ ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅವರು ಆಗಲೇ ಬಂದಿದ್ದಾರೆ ಎಂಬುದಕ್ಕೆ ಕಳೆದ ಎರಡು ಕೂಟಗಳಲ್ಲಿ ಗುರುತು ಸಿಕ್ಕಿದೆ.

ಚಿನ್ನಕ್ಕೆ ಮೂರು ಲಕ್ಷ

ಉತ್ತರಾಖಂಡದ ಕೂಟದ ಟೇಕ್ವಾಂಡೊ ಸ್ಪರ್ಧೆ ಇನ್ನೂ ಶುರುವಾಗಿರಲಿಲ್ಲ. ಆ ಹೊತ್ತಿಗೇ ಭಾರತೀಯ ಒಲಿಂಪಿಕ್ ಸಂಸ್ಥೆಯ ತಾಂತ್ರಿಕ ಸಮಿತಿ ಆ ಕ್ರೀಡೆಯ ಸ್ಪರ್ಧಾ ನಿರ್ದೇಶಕರನ್ನು ಬದಲಿಸಿತು. ಕಾರಣ ಕೇಳಿ ಕ್ರೀಡಾಲೋಕ ಬೆಚ್ಚಿತು. ಒಟ್ಟು 16 ತೂಕ ವಿಭಾಗಗಳ ಪೈಕಿ 10ರಲ್ಲಿ ಯಾರು ಗೆಲ್ಲಬೇಕೆಂಬುದು ಅಂಕಣಕ್ಕೆ ಇಳಿಯುವ ಮೊದಲೇ ತೀರ್ಮಾನವಾಗಿತ್ತು ಎಂಬುದು ಸಮಿತಿಗೆ ಬಂದ ದೂರು. ದರವೂ ನಿಗದಿಯಾಗಿತ್ತಂತೆ: ಚಿನ್ನಕ್ಕೆ 3 ಲಕ್ಷ, ಬೆಳ್ಳಿಗೆ 2 ಲಕ್ಷ, ಕಂಚಿಗೆ 1 ಲಕ್ಷ ರೂಪಾಯಿ. ಸ್ವಯಂಸೇವಕರ ಪಟ್ಟಿಯಲ್ಲಿ ರಾಜ್ಯ ಸಂಸ್ಥೆಗಳ ಪದಾಧಿಕಾರಿಗಳೂ ಕ್ರೀಡಾ ಸಾಮಗ್ರಿ ಪೂರೈಸುವವರೂ ಇದ್ದುದು ಬೆಳಕಿಗೆ ಬಂತು. ಸ್ಪರ್ಧೆಯ ವಂಚನೆ ತಡೆಯುವ ಸಮಿತಿಯ ಶಿಫಾರಸಿನ ಮೇಲೆ ಕ್ರಮ ಕೈಗೊಂಡಿದ್ದೇವೆ ಎಂದು ಒಲಿಂಪಿಕ್ ಸಂಸ್ಥೆ ಹೇಳಿತು.

ಆರೋಪ ಆರೋಪವೇ, ತನಿಖೆ ಮುಗಿದು ರುಜುವಾತಾಗುವವರೆಗೆ ಯಾರನ್ನೂ ಅಪರಾಧಿ ಎನ್ನಲಾಗದು. ಸ್ಪರ್ಧೆಗೆ ಮೊದಲೇ ಎಚ್ಚೆತ್ತುಕೊಂಡ ಸಮಿತಿಗೆ ಶಹಬ್ಬಾಸ್ ಎನ್ನಲೇಬೇಕು. ಆದರೆ ಆ ದರಪಟ್ಟಿಯನ್ನು ಇನ್ನೊಮ್ಮೆ ನೋಡಿ. ಮೂರು ಲಕ್ಷ ಕೊಟ್ಟು ಚಿನ್ನ ಕೊಳ್ಳಲು ಯಾರಾದರೂ ಸಿದ್ಧರಿದ್ದಾರೆ ಎಂದರೆ ಆ ಚಿನ್ನದಿಂದ ಮೂರು ಲಕ್ಷಕ್ಕಿಂತ ಹೆಚ್ಚು ಗಿಟ್ಟುತ್ತದೆ ಎಂಬ ಲೆಕ್ಕ ಅವರಲ್ಲಿದೆ ಎಂದರ್ಥ. ನಗದು ಬಹುಮಾನವೇ ಆ ಮೊತ್ತವನ್ನು ದಾಟುವ ರಾಜ್ಯಗಳಿವೆ. ಅದರ ಮೇಲೆ ಕ್ರೀಡಾ ಕೋಟಾದಲ್ಲಿ ಪೊಲೀಸ್ ಇಲಾಖೆಯಲ್ಲೋ ರೈಲ್ವೆಯಲ್ಲೋ ನೌಕರಿ ಸಿಕ್ಕರೆ ಒಂದು ಕುಟುಂಬ ಜೀವನಪೂರ್ತಿ ನೆಲೆ ಕಂಡಂತೆ. ಇಂಥ ಲೆಕ್ಕ ಒಂದು ಕ್ರೀಡೆಯಲ್ಲಿ ಹುಟ್ಟಿದ್ದರೆ ಇನ್ನೊಂದರಲ್ಲಿ ಹುಟ್ಟುವುದಿಲ್ಲ ಎಂದು ನಂಬಲು ಯಾವ ಆಧಾರವೂ ಇಲ್ಲ. ಅದರಲ್ಲೂ ತೀರ್ಪುಗಾರರು ಅಂಕ ಕೊಟ್ಟು ಗೆಲುವು ನಿರ್ಧರಿಸುವ ಆಟಗಳಲ್ಲಿ ಅಪಾಯ ಹೆಚ್ಚು. ಓಟದಲ್ಲಿ ಗಡಿಯಾರವಿದೆ, ಎಸೆತದಲ್ಲಿ ಟೇಪು ಇದೆ. ಅಂಕದ ಆಟದಲ್ಲಿ ತೀರ್ಪುಗಾರರ ಮನಸ್ಸಾಕ್ಷಿಯೇ ಮುಖ್ಯ ಕಾವಲು.

ಒಬ್ಬನೇ ಓಡಿದ ಫೈನಲ್

ಗಡಿಯಾರ, ಟೇಪು ಇದ್ದಲ್ಲಿಗೆ ಬರುವ ಪಿಡುಗೇ ಬೇರೆ: ಉದ್ದೀಪನ ಮದ್ದು. 2023ರ ಸೆಪ್ಟೆಂಬರಿನಲ್ಲಿ ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ರಾಜ್ಯ ಮಟ್ಟದ ಅಥ್ಲೆಟಿಕ್ಸ್ ಕೂಟ ನಡೆಯುತ್ತಿತ್ತು. ಶೌಚಾಲಯದಲ್ಲಿ ಬಳಸಿ ಬಿಸಾಡಿದ ಸಿರಿಂಜುಗಳು ಬಿದ್ದಿರುವ ವಿಡಿಯೊ ಹರಿದಾಡಿತು. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕ, ಅಂದರೆ ನಾಡಾದ ಅಧಿಕಾರಿಗಳು ಮಾದರಿ ಸಂಗ್ರಹಿಸಲು ಬಂದರು. ಸುದ್ದಿ ಹಬ್ಬುತ್ತಿದ್ದಂತೆ ಅಥ್ಲೀಟ್‌ಗಳು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಪುರುಷರ 100 ಮೀಟರ್ ಓಟದ ಫೈನಲ್‌ಗೆ ಎಂಟು ಮಂದಿ ಬರಬೇಕಿದ್ದಲ್ಲಿ ಬಂದದ್ದು ಒಬ್ಬರೇ. ಸ್ಟೀಪಲ್‌ಚೇಸ್ ಓಡಿದ ಕಿರಿಯ ವಯಸ್ಸಿನ ಒಬ್ಬ ಹುಡುಗಿ ಗುರಿ ಮುಟ್ಟಿದ ಮೇಲೂ ನಿಲ್ಲದೆ ಓಡುತ್ತಲೇ ಹೋದಳು; ಮಾದರಿ ಕೇಳಲು ಅಧಿಕಾರಿ ಅವಳ ಬೆನ್ನು ಹತ್ತಬೇಕಾಯಿತು ಎಂದು ಪತ್ರಿಕೆಗಳು ವರದಿ ಮಾಡಿದವು.

ಅದಾದ ಒಂದೇ ತಿಂಗಳಿಗೆ ಗೋವಾದಲ್ಲಿ 37ನೇ ರಾಷ್ಟ್ರೀಯ ಕ್ರೀಡಾಕೂಟ ಶುರುವಾಯಿತು. ಹತ್ತು ಸಾವಿರಕ್ಕೂ ಹೆಚ್ಚು ಕ್ರೀಡಾಪಟುಗಳು ಸೇರಿದ್ದ ಆ ಕೂಟದಲ್ಲಿ ಸುಮಾರು 25 ಮಂದಿ ಮದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಅವರಲ್ಲಿ ಹೆಚ್ಚಿನವರು ಅಥ್ಲೆಟಿಕ್ಸ್ ಮತ್ತು ವೇಟ್‌ಲಿಫ್ಟಿಂಗ್‌ನವರು. ಹಿಂದಿನ ವರ್ಷ ಗುಜರಾತ್ ಕೂಟದಲ್ಲಿ ಸಿಕ್ಕಿಬಿದ್ದವರ ಸಂಖ್ಯೆ ಇದರ ಅರ್ಧದಷ್ಟೂ ಇರಲಿಲ್ಲ.

ದೇಶದ ಒಟ್ಟಾರೆ ಚಿತ್ರ ಇನ್ನೂ ಕಳವಳಕಾರಿ. ವಿಶ್ವ ಉದ್ದೀಪನ ಮದ್ದು ತಡೆ ಘಟಕ ವಾಡಾ ಪ್ರಕಟಿಸಿದ ಅಂಕಿಅಂಶದ ಪ್ರಕಾರ 2022ರಲ್ಲಿ ಭಾರತ 3,865 ಮಾದರಿಗಳನ್ನು ಪರೀಕ್ಷಿಸಿತು, 125ರಲ್ಲಿ ನಿಷೇಧಿತ ಮದ್ದು ಸಿಕ್ಕಿತು. 2023ರಲ್ಲಿ 5,606 ಮಾದರಿಗಳಲ್ಲಿ 213. 2024ರಲ್ಲಿ 7,113ರಲ್ಲಿ 260. ದೊಡ್ಡ ಸಂಖ್ಯೆಯಲ್ಲಿ ಪರೀಕ್ಷೆ ನಡೆಸುವ ದೇಶಗಳ ಸಾಲಿನಲ್ಲಿ ಈ ಪ್ರಮಾಣಕ್ಕೆ ಬೇರೆ ಸಾಟಿಯಿಲ್ಲ.

ಇದಕ್ಕೆ ಕ್ರೀಡಾಡಳಿತದಲ್ಲಿರುವವರು ಕೊಡುವ ಉತ್ತರ ಗೊತ್ತಿರುವುದೇ: ‘ಪರೀಕ್ಷೆ ಹೆಚ್ಚಿಸಿದ್ದೇವೆ, ಹಾಗಾಗಿ ಹೆಚ್ಚು ಜನ ಸಿಗುತ್ತಿದ್ದಾರೆ. ಇದು ವ್ಯವಸ್ಥೆ ಕೆಲಸ ಮಾಡುತ್ತಿರುವುದರ ಲಕ್ಷಣ.’ ಈ ಮಾತಿನಲ್ಲಿ ಸತ್ಯಾಂಶವಿದೆ. ಹುಡುಕದವನಿಗೆ ಕಳ್ಳ ಸಿಗುವುದಿಲ್ಲ; ಎರಡು ವರ್ಷದಲ್ಲಿ ಪರೀಕ್ಷೆಯನ್ನು ಹೆಚ್ಚುಕಡಿಮೆ ದುಪ್ಪಟ್ಟು ಮಾಡಿದ ನಾಡಾದ ಶ್ರಮವನ್ನು ಅಲ್ಲಗಳೆಯುವಂತಿಲ್ಲ. ಆದರೆ ಪರೀಕ್ಷೆಯ ಭಯ ಹುಟ್ಟಿದ್ದರೆ ಸಿಕ್ಕಿಬೀಳುವವರ ಪ್ರಮಾಣ ಇಳಿಯಬೇಕಿತ್ತು. ಅದು ಶೇ 3.2ರಿಂದ 3.8ಕ್ಕೆ ಏರಿ, 3.6ಕ್ಕೆ ಬಂದು ನಿಂತಿದೆ. 2023ರಲ್ಲಿ ಚೀನಾ 28 ಸಾವಿರಕ್ಕೂ ಹೆಚ್ಚು ಮಾದರಿ ಪರೀಕ್ಷಿಸಿತು. ಅಲ್ಲಿನ ಪ್ರಮಾಣ ಶೇ 0.2ರ ಆಸುಪಾಸು. ಹೆಚ್ಚು ಹುಡುಕಿದರೆ ಹೆಚ್ಚು ಸಿಗುತ್ತದೆ ಎಂಬ ವಾದ ಇಲ್ಲಿಗೆ ನಿಲ್ಲುತ್ತದೆ. ನಮ್ಮಲ್ಲಿ ಮದ್ದಿನ ಬಳಕೆಯೇ ಹೆಚ್ಚು ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ಪರಿಹಾರದ ಮಾತು ಆಮೇಲೆ.

ಕೂಟದ ದಿನ ಹಿಡಿದರೆ ಸಾಲದು

ಮದ್ದು ಪರೀಕ್ಷೆ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಕೊರತೆ ಎಲ್ಲಿದೆ ಎಂಬುದು ತಿಳಿಯುತ್ತದೆ. ಸ್ಪರ್ಧೆ ಮುಗಿಸಿ ಏದುಸಿರು ಬಿಡುತ್ತಿರುವ ಅಥ್ಲೀಟ್ ಬಳಿಗೆ ಸಿಬ್ಬಂದಿಯೊಬ್ಬರು ಬಂದು ಸೂಚನಾಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಆ ಗಳಿಗೆಯಿಂದ ಅಥ್ಲೀಟ್ ಅವರ ಕಣ್ಣಳತೆ ದಾಟುವಂತಿಲ್ಲ. ಪದಕ ಸ್ವೀಕರಿಸಲು ಹೋದರೂ ಅವರು ಜೊತೆಗಿರುತ್ತಾರೆ. ಮೂತ್ರದ ಮಾದರಿ ಕೊಡುವಾಗ ಅದೇ ಲಿಂಗದ ಅಧಿಕಾರಿ ಎದುರಿಗೇ ನಿಂತಿರುತ್ತಾರೆ. ಕನಿಷ್ಠ 90 ಮಿಲಿಲೀಟರ್ ಬೇಕು. ಅದನ್ನು ಅಥ್ಲೀಟೇ ಕೈಯಾರೆ ಎ ಮತ್ತು ಬಿ ಎಂಬ ಎರಡು ಗಾಜಿನ ಬಾಟಲಿಗಳಿಗೆ ಹಂಚಿ ಮುಚ್ಚಳ ಬಿಗಿಯಬೇಕು. ಒಮ್ಮೆ ಬಿಗಿದ ಮುಚ್ಚಳವನ್ನು ಗುರುತು ಉಳಿಯದಂತೆ ತೆಗೆಯಲು ಸಾಧ್ಯವಿಲ್ಲ. ಬಾಟಲಿಯ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಹಾಗಾಗಿ ಪ್ರಯೋಗಾಲಯದವರಿಗೆ ಅದು ಯಾರದೆಂದು ಗೊತ್ತಾಗುವುದಿಲ್ಲ. ಎ ಮಾದರಿಯಲ್ಲಿ ಮದ್ದು ಸಿಕ್ಕಿದರೆ, ಬಿ ಮಾದರಿಯನ್ನೂ ತೆರೆದು ನೋಡಿ ಎಂದು ಕೇಳುವ ಹಕ್ಕು ಅಥ್ಲೀಟ್‌ಗೆ ಇದೆ.

ಏರ್ಪಾಡು ಅಚ್ಚುಕಟ್ಟಾದದ್ದೇ. ಆದರೆ ಸ್ನಾಯು ಬೆಳೆಸುವ ಸ್ಟೆರಾಯ್ಡುಗಳನ್ನು ಕೂಟದ ದಿನ ಬೆಳಿಗ್ಗೆ ಯಾರೂ ತೆಗೆದುಕೊಳ್ಳುವುದಿಲ್ಲ. ತಿಂಗಳುಗಳ ಮೊದಲು, ತರಬೇತಿ ಜೋರಾಗಿರುವ ಕಾಲದಲ್ಲಿ ತೆಗೆದುಕೊಂಡು, ಕೂಟ ಹತ್ತಿರವಾದಂತೆ ನಿಲ್ಲಿಸುತ್ತಾರೆ. ಮದ್ದು ದೇಹದಿಂದ ಹೊರಟುಹೋಗಿರುತ್ತದೆ. ಅದರಿಂದ ಬಂದ ಬಲ ಉಳಿದಿರುತ್ತದೆ. ಆದ್ದರಿಂದಲೇ ಸ್ಪರ್ಧೆಯಿಲ್ಲದ ದಿನಗಳಲ್ಲಿ ಮುನ್ಸೂಚನೆಯಿಲ್ಲದೆ ಬಾಗಿಲು ತಟ್ಟಿ ಮಾಡುವ ಪರೀಕ್ಷೆಯೇ ನಿಜವಾದ ಕಾವಲು. ಅದಕ್ಕಾಗಿ ಆಯ್ದ ಕ್ರೀಡಾಪಟುಗಳು ದಿನವೂ ಒಂದು ಗಂಟೆ ತಾವು ಎಲ್ಲಿ ಸಿಗುತ್ತೇವೆ ಎಂಬುದನ್ನು ಮುಂಚಿತವಾಗಿ ತಿಳಿಸಬೇಕು. ಈ ಪಟ್ಟಿಯಲ್ಲಿರುವವರು ಬಹುತೇಕ ಅಂತರರಾಷ್ಟ್ರೀಯ ಮಟ್ಟದವರು. ರಾಜ್ಯದ ಬನಿಯನ್ ತೊಟ್ಟು ರಾಷ್ಟ್ರೀಯ ಕೂಟಕ್ಕೆ ಹೋಗುವ ಸಾವಿರಾರು ಮಂದಿ ಅದರ ಹೊರಗಿದ್ದಾರೆ. ಅವರ ತರಬೇತಿ ಎಲ್ಲಿ ನಡೆಯುತ್ತಿದೆ, ಏನು ತಿನ್ನುತ್ತಿದ್ದಾರೆ, ಯಾರು ಏನು ಚುಚ್ಚುತ್ತಿದ್ದಾರೆ ಎಂದು ಕೇಳುವವರಿಲ್ಲ. ಲಕ್ಷಗಳ ಬಹುಮಾನ ಇರುವುದು ಅವರಿಗೇ; ಕಾವಲು ಇಲ್ಲದಿರುವುದೂ ಅವರಿಗೇ. ಈ ಅಂತರದಲ್ಲೇ ಮದ್ದಿನ ದಂಧೆ ಬೆಳೆಯುತ್ತಿರುವುದು.

ಬೆಲೆ ತೆರುವವರು ಮಕ್ಕಳು

ಇಲ್ಲಿ ಬರೀ ಅಥ್ಲೀಟ್‌ಗಳನ್ನು ಬೈದು ಮುಗಿಸುವುದು ಅನ್ಯಾಯ. ಹದಿನಾರು, ಹದಿನೇಳರ ಹುಡುಗ ತಾನಾಗಿ ಸ್ಟೆರಾಯ್ಡ್ ಹುಡುಕಿಕೊಂಡು ಹೋಗುವುದಿಲ್ಲ. ‘ಪೌಡರ್ ತಗೋ, ರಿಕವರಿ ಬೇಗ ಆಗುತ್ತೆ’ ಎನ್ನುವ ಕೋಚ್, ಚೀಟಿ ಕೇಳದೆ ಇಂಜೆಕ್ಷನ್ ಮಾರುವ ಅಂಗಡಿ, ಏನು ಬೆರೆತಿದೆಯೆಂದು ಹೇಳದ ಸಪ್ಲಿಮೆಂಟ್ ಡಬ್ಬಿ, ಪದಕ ಬಂದರೆ ಸಾಲ ತೀರುತ್ತದೆ ಎಂದು ಕಾಯುವ ಮನೆ, ಇವೆಲ್ಲ ಅವನ ಬೆನ್ನಿಗಿರುತ್ತವೆ. ಸಿಕ್ಕಿಬಿದ್ದಾಗ ಮಾತ್ರ ಒಬ್ಬನೇ ನಿಲ್ಲಬೇಕು.

ಕನ್ನಡಿಗರು ಇದನ್ನು ಒಮ್ಮೆ ಕಣ್ಣಾರೆ ಕಂಡಿದ್ದಾರೆ. ಉಡುಪಿ ಜಿಲ್ಲೆಯ ಹಳ್ಳಿಯಿಂದ ಬಂದ ಅಶ್ವಿನಿ ಅಕ್ಕುಂಜಿ 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕೂಟದಲ್ಲಿ 4x400 ರಿಲೇ ಚಿನ್ನ ಗೆದ್ದರು. ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ. ನಾಡೆಲ್ಲ ಹೆಮ್ಮೆಪಟ್ಟಿತು. ಮರುವರ್ಷ ಮದ್ದು ಪರೀಕ್ಷೆಯಲ್ಲಿ ಅವರು ಮತ್ತು ರಿಲೇ ತಂಡದ ಸಂಗಾತಿಗಳು ಸಿಕ್ಕಿಬಿದ್ದರು. ಉಕ್ರೇನಿನ ಕೋಚ್ ತರಿಸಿಕೊಟ್ಟ ಜಿನ್ಸೆಂಗ್ ಮಾತ್ರೆಯಿಂದ ಹೀಗಾಯಿತು ಎಂಬುದು ಅವರ ವಾದವಾಗಿತ್ತು. ಕೋಚ್ ಕೆಲಸ ಕಳೆದುಕೊಂಡರು. ಅಶ್ವಿನಿ ಮತ್ತು ಸಂಗಾತಿಗಳಿಗೆ ನಾಡಾ ಸಮಿತಿ ಒಂದು ವರ್ಷದ ನಿಷೇಧ ಹೇರಿತು. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ದೇಹದಲ್ಲಿ ಏನು ಸಿಕ್ಕಿದರೂ ಹೊಣೆ ಅಥ್ಲೀಟ್‌ನದೇ ಎಂಬುದು ಮದ್ದು ತಡೆ ನಿಯಮದ ಮೂಲತತ್ವ. ಆ ತತ್ವ ಬೇಕೇ ಬೇಕು. ಆದರೆ ಮಾತ್ರೆ ಕೊಟ್ಟವರನ್ನೂ ಅಷ್ಟೇ ಬಿಗಿಯಾಗಿ ಹಿಡಿಯದಿದ್ದರೆ ಒಬ್ಬ ಅಥ್ಲೀಟ್ ಹೋದ ಜಾಗಕ್ಕೆ ಇನ್ನೊಬ್ಬಳು ಬರುತ್ತಾಳೆ, ಮಾತ್ರೆ ಕೊಡುವ ಕೈ ಹಾಗೇ ಉಳಿಯುತ್ತದೆ.

ಈಗ ಪಿಡುಗು ಇನ್ನೂ ಕೆಳಕ್ಕೆ ಇಳಿದಿದೆ. ಅಪ್ರಾಪ್ತ ವಯಸ್ಸಿನವರ ಮದ್ದು ಪ್ರಕರಣಗಳ ಬಗ್ಗೆ ವಾಡಾ ನಡೆಸಿದ ಹತ್ತು ವರ್ಷಗಳ ಅಧ್ಯಯನದಲ್ಲಿ ರಷ್ಯಾದ ನಂತರ ಭಾರತದ ಹೆಸರಿದೆ. ಬೆಳೆಯುವ ದೇಹಕ್ಕೆ ಹೊರಗಿನಿಂದ ಹಾರ್ಮೋನು ತುಂಬಿದರೆ ಎಲುಬಿನ ಬೆಳವಣಿಗೆ ನಿಲ್ಲಬಹುದು, ಯಕೃತ್ತು, ಹೃದಯ ಹದಗೆಡಬಹುದು, ಹೆಣ್ಣುಮಕ್ಕಳ ಋತುಚಕ್ರ ಏರುಪೇರಾಗಬಹುದು. ಇದು ಕ್ರೀಡೆಯ ಶಿಸ್ತಿನ ಪ್ರಶ್ನೆಯಾಗಿ ಉಳಿದಿಲ್ಲ. ಮಕ್ಕಳ ಆರೋಗ್ಯದ ಪ್ರಶ್ನೆ.

ನಷ್ಟ ಅನುಭವಿಸುವ ಇನ್ನೊಬ್ಬನ ಬಗ್ಗೆ ಯಾರೂ ಮಾತನಾಡುವುದಿಲ್ಲ: ಮದ್ದು ಮುಟ್ಟದೆ ನಾಲ್ಕನೇ ಸ್ಥಾನಕ್ಕೆ ಬಂದವನು. ಮುಂದಿದ್ದವನು ಸಿಕ್ಕಿಬಿದ್ದರೆ ತಿಂಗಳುಗಳು ಕಳೆದ ಮೇಲೆ ಕಾಗದದಲ್ಲಿ ಅವನಿಗೆ ಕಂಚು ಬರುತ್ತದೆ. ಆ ಹೊತ್ತಿಗೆ ನೌಕರಿಯ ಅರ್ಜಿ ಹಾಕುವ ಕೊನೆಯ ದಿನ ಮುಗಿದಿರುತ್ತದೆ, ಸನ್ಮಾನ ಸಮಾರಂಭವೂ ಮುಗಿದಿರುತ್ತದೆ, ಎಷ್ಟೋ ಸಲ ಅವನು ಆಟವನ್ನೇ ಬಿಟ್ಟಿರುತ್ತಾನೆ. ಪ್ರಾಮಾಣಿಕರು ಹೀಗೆ ಸದ್ದಿಲ್ಲದೆ ಹೊರನಡೆಯುವುದೇ ಈ ಇಡೀ ಪ್ರಕರಣದ ದೊಡ್ಡ ನಷ್ಟ.

ದಿನಾಂಕವೇ ಇಲ್ಲದ ಕೂಟ

ಅಡ್ಡದಾರಿಗೆ ದೂಡುವ ಇನ್ನೊಂದು ಸಂಗತಿ ಕೂಟದ ಅನಿಶ್ಚಿತತೆ. ಎರಡು ವರ್ಷಕ್ಕೊಮ್ಮೆ ನಡೆಯಬೇಕಾದದ್ದು ಇದು. ಜಾರ್ಖಂಡ್‌ನಲ್ಲಿ 2007ರಲ್ಲಿ ಆಗಬೇಕಿದ್ದ ಕೂಟ ಮುಂದೂಡಿಕೆಯ ಮೇಲೆ ಮುಂದೂಡಿಕೆಯಾಗಿ 2011ರಲ್ಲಿ ನಡೆಯಿತು. 2015ರಲ್ಲಿ ಕೇರಳದಲ್ಲಿ ಮುಗಿದ ಮೇಲೆ ಮುಂದಿನ ಕೂಟ 2016ಕ್ಕೆ ಗೋವಾದಲ್ಲಿ ಎಂದರು. ಅದು ವರ್ಷದಿಂದ ವರ್ಷಕ್ಕೆ ಜಾರಿತು, ಕೊನೆಗೆ ಕೊರೊನಾವೂ ಅಡ್ಡ ಬಂತು. 2022ರಲ್ಲಿ ಗುಜರಾತ್ ಕೆಲವೇ ತಿಂಗಳ ತಯಾರಿಯಲ್ಲಿ 36ನೇ ಕೂಟ ನಡೆಸಿದಾಗ ನಡುವೆ ಏಳು ವರ್ಷ ಕಳೆದುಹೋಗಿತ್ತು. ಕೇರಳದಲ್ಲಿ ಹದಿನೆಂಟಕ್ಕೆ ಓಡಿದವಳು ಮುಂದಿನ ಅವಕಾಶ ಬಂದಾಗ ಇಪ್ಪತ್ತೈದು ದಾಟಿದ್ದಳು. ಓಟಗಾರರ ಒಳ್ಳೆಯ ಕಾಲ ಇರುವುದೇ ಕೆಲವು ವರ್ಷ. ಮುಂದಿನ ಕೂಟ ಯಾವಾಗ ಎಂದು ಗೊತ್ತಿಲ್ಲದವರಿಗೆ ಸಿಕ್ಕ ಒಂದೇ ಅವಕಾಶದಲ್ಲಿ ಏನು ಮಾಡಿಯಾದರೂ ಗೆಲ್ಲಬೇಕೆಂಬ ಒತ್ತಡ ಬರುವುದು ಸಹಜ.

ಆತಿಥೇಯ ರಾಜ್ಯಗಳ ಮೇಲಿನ ಒತ್ತಡವೂ ಕಡಿಮೆಯದಲ್ಲ. ಗೋವಾ ಕೂಟದಲ್ಲಿ 25ನೇ ಸ್ಥಾನದಲ್ಲಿದ್ದ ಉತ್ತರಾಖಂಡ ತನ್ನ ನೆಲದಲ್ಲಿ 24 ಚಿನ್ನ ಸೇರಿ 103 ಪದಕ ಗೆದ್ದು ಏಳನೇ ಸ್ಥಾನಕ್ಕೆ ಜಿಗಿಯಿತು. ಮನೆಯಂಗಳದ ಅನುಕೂಲ, ಮುಂಚಿತ ತಯಾರಿ, ಎಲ್ಲ ಆಟಗಳಲ್ಲೂ ತಂಡ ಇಳಿಸುವ ಅವಕಾಶ ಇವೆಲ್ಲ ಸೇರಿ ಆದ ಸಾಧನೆ ಅದು. ಅದನ್ನು ಕೀಳಾಗಿ ಕಾಣುವುದು ತಪ್ಪು. ಆದರೆ ಮೇಘಾಲಯದ ಜನ ಈಗ ತಮ್ಮ ಸರ್ಕಾರದಿಂದಲೂ ಅಂಥದ್ದೇ ಜಿಗಿತ ಬಯಸುತ್ತಾರೆ. ಉತ್ತರಾಖಂಡಕ್ಕಿಂತಲೂ ಚಿಕ್ಕದಾದ ಆ ರಾಜ್ಯದಲ್ಲಿ ಅಷ್ಟು ಆಟಗಾರರು ಎರಡು ವರ್ಷದಲ್ಲಿ ತಯಾರಾಗುವುದು ಕಷ್ಟ. ಆಗ ಹೊರಗಿನವರನ್ನು ಹಣ ಕೊಟ್ಟು ಕರೆತಂದು ರಾಜ್ಯದ ಬನಿಯನ್ ತೊಡಿಸುವ ಆಸೆ ಹುಟ್ಟಬಹುದು. ಆ ದಾರಿ ಹಿಡಿಯಬೇಡಿ ಎಂದು ಮೇಘಾಲಯಕ್ಕೆ ಸ್ನೇಹದಿಂದ ಹೇಳುತ್ತೇವೆ. ಫುಟ್‌ಬಾಲನ್ನು ಉಸಿರಾಡುವ, ಬಿಲ್ಲುಗಾರಿಕೆಯನ್ನು ಸಂತೆಯಂತೆ ಸೇರಿ ಆಡುವ ನಾಡು ಅದು. ಅಲ್ಲಿನ ಮಕ್ಕಳು ನ್ಯಾಯವಾಗಿ ಗೆದ್ದ ಹತ್ತು ಪದಕ ಬಾಡಿಗೆಯ ನೂರು ಪದಕಕ್ಕಿಂತ ದೊಡ್ಡದು.

ಈಜುಕೊಳ ಕಲಿಸುವ ಪಾಠ

ನೇರ ದಾರಿಯಲ್ಲೂ ಗೆಲ್ಲಬಹುದೇ ಎಂದು ಕೇಳುವವರಿಗೆ ಉತ್ತರ ಬೆಂಗಳೂರಿನಲ್ಲೇ ಇದೆ. ಉತ್ತರಾಖಂಡದಲ್ಲಿ ಕರ್ನಾಟಕ 34 ಚಿನ್ನ, 18 ಬೆಳ್ಳಿ, 28 ಕಂಚು ಗೆದ್ದು ಐದನೇ ಸ್ಥಾನ ಪಡೆಯಿತು. ಚಿನ್ನದ ಬಹುದೊಡ್ಡ ಪಾಲು ಬಂದದ್ದು ಈಜುಕೊಳದಿಂದ. ಶ್ರೀಹರಿ ನಟರಾಜ್ ಒಂಬತ್ತು ಚಿನ್ನ ಗೆದ್ದು ಕೂಟದ ಶ್ರೇಷ್ಠ ಪುರುಷ ಕ್ರೀಡಾಪಟು ಆದರು. ಒಂಬತ್ತು ಚಿನ್ನ ಸೇರಿ 11 ಪದಕ ಗೆದ್ದ ಹದಿನಾಲ್ಕರ ಬಾಲೆ ಧಿನಿಧಿ ದೇಸಿಂಗು ಶ್ರೇಷ್ಠ ಮಹಿಳಾ ಕ್ರೀಡಾಪಟು. ಇದು ಒಂದು ವರ್ಷದ ಬೆಳೆಯಲ್ಲ. 1999ರ ಇಂಫಾಲ್ ಕೂಟದಲ್ಲಿ ನಿಶಾ ಮಿಲೆಟ್ 14 ಚಿನ್ನ ಗೆದ್ದ ಕಾಲದಿಂದಲೂ, ಅದಕ್ಕೂ ಮೊದಲಿಂದಲೂ, ಬೆಂಗಳೂರಿನ ಈಜುಕೊಳಗಳಲ್ಲಿ ಬೆಳಗಿನ ಐದಕ್ಕೆ ಮಕ್ಕಳು ನೀರಿಗಿಳಿಯುತ್ತಿದ್ದಾರೆ. ಒಳ್ಳೆಯ ಕೋಚ್‌ಗಳು, ಸುಸ್ಥಿತಿಯ ಕೊಳ, ಕ್ಲಬ್‌ಗಳ ನಡುವೆ ಆರೋಗ್ಯಕರ ಪೈಪೋಟಿ, ವರ್ಷವಿಡೀ ಸ್ಪರ್ಧೆ: ಇವಿಷ್ಟೂ ಕೂಡಿ ಬಂದರೆ ಪದಕ ತಾನಾಗಿ ಬರುತ್ತದೆ.

ಸರ್ವೀಸಸ್ ತಂಡದ ಕಥೆಯೂ ಇದೇ. ಉತ್ತರಾಖಂಡದಲ್ಲಿ ಮಹಾರಾಷ್ಟ್ರ ಸುಮಾರು 200 ಪದಕ ಗೆದ್ದರೂ 68 ಚಿನ್ನದೊಂದಿಗೆ ಮೊದಲ ಸ್ಥಾನ ಪಡೆದದ್ದು ಸೇನಾ ತಂಡ. ಪುಣೆಯ ಸೇನಾ ಕ್ರೀಡಾ ಸಂಸ್ಥೆಯಂಥ ಕಡೆ ಆಟಗಾರನಿಗೆ ವರ್ಷಪೂರ್ತಿ ಊಟ, ವೈದ್ಯರು, ಫಿಸಿಯೊ, ಸಂಬಳ ಇರುತ್ತದೆ. ಮುಂದಿನ ತಿಂಗಳ ಚಿಂತೆ ಇಲ್ಲದವನಿಗೆ ಅಡ್ಡದಾರಿಯ ಆಕರ್ಷಣೆ ಕಡಿಮೆ. ರಾಜ್ಯಗಳು ಮಾಡುವುದು ಇದರ ತದ್ವಿರುದ್ಧ: ಕೂಟಕ್ಕೆ ಕೆಲವು ವಾರ ಮೊದಲು ಶಿಬಿರ, ಗೆದ್ದ ಮೇಲೆ ಚೆಕ್ಕು. ನಡುವಿನ ವರ್ಷಗಳಲ್ಲಿ ಆಟಗಾರ ತನ್ನ ಪಾಡಿಗೆ ತಾನು.

ಆದರೆ ಕರ್ನಾಟಕ ಈಜುಕೊಳದ ಹೆಮ್ಮೆಯಲ್ಲಿ ಮೈಮರೆಯುವಂತಿಲ್ಲ. 1997ರಲ್ಲಿ ಬೆಂಗಳೂರು, ಮೈಸೂರಿನಲ್ಲಿ ಕೂಟ ನಡೆದಾಗ ಕಟ್ಟಿದ ಕೋರಮಂಗಲದ ಒಳಾಂಗಣ ಕ್ರೀಡಾಂಗಣ, ಮೈಸೂರಿನ ಚಾಮುಂಡಿ ವಿಹಾರ ಇಂದಿಗೂ ಇವೆ. ಅದಾದ ಮೇಲೆ ಕಾಲು ಶತಮಾನ ದಾಟಿತು. ಬಳ್ಳಾರಿ, ರಾಯಚೂರು, ಬೀದರ್, ಚಾಮರಾಜನಗರದ ಮಗುವಿಗೆ ಬೆಂಗಳೂರಿನ ಈಜುಗಾರರಿಗಿರುವ ಅನುಕೂಲದ ಅರ್ಧವಾದರೂ ಸಿಕ್ಕಿದೆಯೇ? ಸಿಗದಿದ್ದರೆ, ಆ ಮಗು ದಡ ಸೇರಲು ಹಿಡಿಯುವ ಕೈ ಯಾರದ್ದಾಗಿರುತ್ತದೆ ಎಂಬ ಚಿಂತೆ ಸರ್ಕಾರಕ್ಕಿರಬೇಕು. ಜಿಲ್ಲೆಗಳ ಕ್ರೀಡಾ ಹಾಸ್ಟೆಲ್‌ಗಳಲ್ಲಿ ಮದ್ದಿನ ಬಗ್ಗೆ ಕನ್ನಡದಲ್ಲಿ ತಿಳಿಹೇಳುವವರು ಎಷ್ಟು ಮಂದಿ ಇದ್ದಾರೆ ಎಂಬ ಲೆಕ್ಕವನ್ನು ಕ್ರೀಡಾ ಇಲಾಖೆ ತಾನೇ ತೆಗೆದು ನೋಡಲಿ.

ಈಗಲೇ ಆಗಬೇಕಾದ್ದು

ಕಾನೂನಿನ ಬಲ ಇಲ್ಲವೆಂದೇನಿಲ್ಲ. 2022ರಲ್ಲಿ ಉದ್ದೀಪನ ಮದ್ದು ತಡೆ ಕಾಯ್ದೆ ಬಂತು. 2025ರ ತಿದ್ದುಪಡಿ ಮೇಲ್ಮನವಿ ಸಮಿತಿಗೆ ಹೆಚ್ಚಿನ ಸ್ವಾಯತ್ತೆ ಕೊಟ್ಟಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಕ್ರೀಡಾ ಮಂಡಳಿ, ಕ್ರೀಡಾ ನ್ಯಾಯಮಂಡಳಿಗಳಿಗೆ ದಾರಿ ಮಾಡಿದೆ. ಹೊಸ ಕಾಯ್ದೆಗಾಗಿ ಕಾಯುವ ಅಗತ್ಯವಿಲ್ಲ. ಬೇಕಿರುವುದು ಮೇಘಾಲಯ ಕೂಟಕ್ಕೆ ಮೊದಲು ಕೆಲವು ಗಟ್ಟಿ ತೀರ್ಮಾನಗಳು.

ಮೊದಲನೆಯದಾಗಿ, ಪ್ರತಿ ರಾಜ್ಯವೂ ತನ್ನ ಸಂಭಾವ್ಯರ ಪಟ್ಟಿಯನ್ನು ಕೂಟಕ್ಕೆ ಆರು ತಿಂಗಳ ಮೊದಲೇ ನಾಡಾಕ್ಕೆ ಒಪ್ಪಿಸಲಿ. ಅಪಾಯ ಹೆಚ್ಚಿರುವ ಅಥ್ಲೆಟಿಕ್ಸ್, ವೇಟ್‌ಲಿಫ್ಟಿಂಗ್, ಕುಸ್ತಿ, ಬಾಕ್ಸಿಂಗ್‌ನಂಥ ಆಟಗಳಲ್ಲಿ ಶಿಬಿರಗಳಿಗೇ ಹೋಗಿ ಮುನ್ಸೂಚನೆಯಿಲ್ಲದೆ ಪರೀಕ್ಷೆ ನಡೆಯಲಿ. ಖರ್ಚಿನ ಮಾತು ಬರುತ್ತದೆ. ಉದ್ಘಾಟನಾ ಸಮಾರಂಭದ ದೀಪಾಲಂಕಾರದಲ್ಲಿ ಒಂದು ಪಾಲು ಉಳಿಸಿದರೂ ಸಾವಿರಾರು ಬಾಟಲಿಗಳ ಪರೀಕ್ಷೆ ಆಗುತ್ತದೆ.

ಎರಡನೆಯದು ರಾಜ್ಯ ಸರ್ಕಾರಗಳ ಕೈಯಲ್ಲೇ ಇದೆ. ಮದ್ದು ಪರೀಕ್ಷೆಯ ವರದಿ ಬರುವ ಮೊದಲು ನಗದು ಬಹುಮಾನವನ್ನಾಗಲಿ ನೇಮಕಾತಿ ಆದೇಶವನ್ನಾಗಲಿ ಕೊಡಬಾರದು. ಸಿಕ್ಕಿಬಿದ್ದರೆ ಕೊಟ್ಟದ್ದು ಮರಳಿ ಬರಬೇಕು. ಅದೇ ಆದೇಶದಲ್ಲಿ ಇನ್ನೊಂದು ಸಾಲು ಸೇರಲಿ: ಶಿಷ್ಯ ಸಿಕ್ಕಿಬಿದ್ದರೆ ಕೋಚ್‌ನ ಪಾತ್ರದ ವಿಚಾರಣೆ ತಾನಾಗಿ ಶುರುವಾಗಬೇಕು, ಅದು ಮುಗಿಯುವವರೆಗೆ ಅವರ ಬಹುಮಾನ, ಪ್ರಶಸ್ತಿಗಳು ತಡೆಯಾಗಬೇಕು. ಹಾಗೆಯೇ ಕೆಳಗಿನ ಸ್ಥಾನದಿಂದ ಮೇಲೆ ಬಂದವರಿಗೆ ನೌಕರಿಯ ವಯೋಮಿತಿ, ಕೊನೆಯ ದಿನಾಂಕಗಳಲ್ಲಿ ರಿಯಾಯಿತಿ ಸಿಗಬೇಕು. ಕರ್ನಾಟಕ ಇದನ್ನು ದೆಹಲಿಯ ಅನುಮತಿಗೆ ಕಾಯದೆ ಒಂದು ಸರ್ಕಾರಿ ಆದೇಶದಲ್ಲಿ ಮಾಡಬಹುದು, ಬೇರೆ ರಾಜ್ಯಗಳಿಗೆ ಮಾದರಿಯೂ ಆಗಬಹುದು.

ಮೂರನೆಯದು, ತೀರ್ಪುಗಾರರ ವಿಷಯ. ಅಂಕದ ಆಟಗಳಲ್ಲಿ ಸ್ಪರ್ಧಾ ನಿರ್ದೇಶಕರು, ತೀರ್ಪುಗಾರರು, ಸ್ವಯಂಸೇವಕರ ಪಟ್ಟಿಯನ್ನು ಕೂಟಕ್ಕೆ ಮೊದಲೇ ಬಹಿರಂಗವಾಗಿ ಪ್ರಕಟಿಸಬೇಕು. ತಂಡ ಕಳಿಸಿದ ರಾಜ್ಯ ಸಂಸ್ಥೆಯ ಪದಾಧಿಕಾರಿ ಅಂಕಣದ ಸುತ್ತ ಕಾಣಿಸಬಾರದು. ಪ್ರತಿ ಪಂದ್ಯದ ವಿಡಿಯೊ ದಾಖಲೆ ಉಳಿಯಬೇಕು. ಹಣ ಕೇಳಿದವರ ವಿರುದ್ಧ ದೂರು ಕೊಡುವ ಆಟಗಾರನ ಗುರುತು ಕಾಪಾಡುವ ಏರ್ಪಾಡು ಬೇಕು. ಉತ್ತರಾಖಂಡದ ಟೇಕ್ವಾಂಡೊ ದೂರಿನ ತನಿಖೆಯ ಫಲಿತಾಂಶವನ್ನು ಒಲಿಂಪಿಕ್ ಸಂಸ್ಥೆ ಪೂರ್ತಿಯಾಗಿ ಜನರ ಮುಂದಿಡಬೇಕು. ಆರೋಪ ಸುಳ್ಳಾದರೆ ಅದನ್ನೂ ಹೇಳಬೇಕು, ನಿಜವಾದರೆ ಶಿಕ್ಷೆಯೂ ಕಾಣಬೇಕು.

ನಾಲ್ಕನೆಯದು, ಮುಂದಿನ ಮೂರು ಕೂಟಗಳ ವರ್ಷ, ತಿಂಗಳು, ಸ್ಥಳವನ್ನು ಒಟ್ಟಿಗೇ ಘೋಷಿಸಬೇಕು. ಆತಿಥೇಯ ರಾಜ್ಯ ತಪ್ಪಿದರೆ ಬದಲಿ ರಾಜ್ಯ ಯಾವುದೆಂಬುದೂ ಅದರಲ್ಲಿರಲಿ. ಒಂದು ರಾಜ್ಯದ ಪರ ಆಡಲು ಅಲ್ಲಿ ಇಂತಿಷ್ಟು ಕಾಲ ವಾಸವೋ ಓದೋ ನೌಕರಿಯೋ ಇರಬೇಕೆಂಬ ನಿಯಮವನ್ನು ಕಟ್ಟುನಿಟ್ಟಾಗಿ, ಎಲ್ಲ ಆಟಗಳಿಗೂ ಒಂದೇ ತೆರನಾಗಿ ಜಾರಿಗೆ ತರಬೇಕು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಮಾತು ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಕೋಟೆ ಇನ್ನೂ ಸೂರೆ ಹೋಗಿಲ್ಲ. ಗೋವಾದಲ್ಲಿ ಸಿಕ್ಕಿಬಿದ್ದವರು ಸುಮಾರು 25. ಆಡಿದವರು ಹತ್ತು ಸಾವಿರಕ್ಕೂ ಹೆಚ್ಚು. ಪರೀಕ್ಷೆಗೆ ಒಳಗಾದವರೇ ಕಡಿಮೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಬಹುಪಾಲು ಮಕ್ಕಳು ಇಂದಿಗೂ ಬೆವರನ್ನೇ ನಂಬಿದ್ದಾರೆ ಎಂದು ನಾವು ನಂಬುತ್ತೇವೆ. ಅವರ ನಂಬಿಕೆ ಉಳಿಯುವುದೋ ಅಳಿಯುವುದೋ ಎಂಬುದು ಈಗಿನಿಂದ ಮೇಘಾಲಯದ ಕೂಟದವರೆಗಿನ ದಿನಗಳಲ್ಲಿ ತೀರ್ಮಾನವಾಗುತ್ತದೆ. 2030ರಲ್ಲಿ ಜಗತ್ತು ಅಹಮದಾಬಾದಿಗೆ ಬರುತ್ತದೆ. ಆಗ ಸಿಕ್ಕಿಬೀಳುವ ಪ್ರತಿ ಹೆಸರಿನ ಮುಂದೆ ರಾಜ್ಯದ ಹೆಸರಿರುವುದಿಲ್ಲ, ಭಾರತದ ಹೆಸರಿರುತ್ತದೆ.

ಓದುಗರಲ್ಲೂ ಒಂದು ಮನವಿ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ರಾಜ್ಯ ತಂಡಕ್ಕೆ ತಯಾರಾಗುತ್ತಿರುವ ಮಗು ಇದ್ದರೆ, ಅದು ಕುಡಿಯುವ ಪೌಡರಿನ ಡಬ್ಬಿ ಎಲ್ಲಿಂದ ಬಂತು, ಇಂಜೆಕ್ಷನ್ ಯಾರು ಬರೆದುಕೊಟ್ಟರು ಎಂದು ಇವತ್ತೇ ಕೇಳಿ. ಸರಿಯಾದ ಉತ್ತರ ಸಿಗದಿದ್ದರೆ ಆ ಕೋಚ್ ಎಷ್ಟೇ ಪದಕ ತಂದವರಾಗಿರಲಿ, ಮಗುವನ್ನು ಅಲ್ಲಿಂದ ಬಿಡಿಸಿಕೊಂಡು ಬನ್ನಿ.